ನೋಡೋಣಪ್ಪನಿಗೆ ಒಂದು ಇಡೀ ಮಾತು

ಸೇತುವೆಯ ಕೆಳಗಿರುವ ನಿನಗೆ,

ಈ ಪತ್ರದಲ್ಲಿ ಒಂದು ವಾಕ್ಯವನ್ನು ಬಿಟ್ಟೇಬಿಡುವವಳಿದ್ದೆ. ಮಗಳ ಕಾಲೇಜು, ಅಡುಗೆಮನೆಯ ಸೋರುವ ನಲ್ಲಿ, ನನ್ನ ಆಫೀಸು ಇಷ್ಟನ್ನು ಬರೆದು, ಹುಷಾರಾಗಿರು ಎಂದು ಮುಗಿಸಬಹುದಿತ್ತು. ನೀನೂ ಓದಿ ಸಮಾಧಾನದಿಂದ ಮಡಿಸಿಡುತ್ತಿದ್ದೆ. ಬಿಡಬೇಕೆಂದಿದ್ದ ವಾಕ್ಯ ಇದು: ಇನ್ನು ಮೇಲೆ ನೀನು ಅರ್ಧರ್ಧ ಬರಬೇಡ. ಬಂದರೆ ಪೂರ್ತಿ ಬಾ, ಇಲ್ಲವಾದರೆ ಬರುವುದಿಲ್ಲ ಎಂದು ಹೇಳು.

ಇದು ಜಗಳದ ಮಾತಲ್ಲ. ಜಗಳವಾಗಿದ್ದರೆ ಇಷ್ಟು ದಿನ ಕಾಯುತ್ತಿರಲಿಲ್ಲ, ಅಂದೇ ಹೇಳಿ ಮುಗಿಸುತ್ತಿದ್ದೆ.

ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀಯ. ಹೇಳಲು ನೋಡಿದ್ದೇನೆ. 'ಮನೆ ವಿಷಯ ಒಂದು ಮಾತಾಡ್ಬೇಕಿತ್ತು' ಎನ್ನುವಷ್ಟರಲ್ಲಿ ಲೈನು ಕಟ್ಟಾಗುತ್ತದೆ. ಮತ್ತೆ ಸಿಕ್ಕಾಗ ನೀನು 'ಹ್ಞಾ, ನಲ್ಲಿ ರಿಪೇರಿ ಆಯ್ತಾ?' ಅಂತ ಶುರು ಮಾಡುತ್ತೀಯ. ಮೆಸೇಜು ಕಳಿಸಿದರೆ ಮೊದಲ ಸಾಲಿಗೇ ಹೆಬ್ಬೆರಳೆತ್ತಿದ ಚಿತ್ರ ಬರುತ್ತದೆ. ನಾನಿನ್ನೂ ಎರಡನೆಯ ಸಾಲು ಬರೆಯುತ್ತಿರುತ್ತೇನೆ. ಲಕೋಟೆ ಹಾಗಲ್ಲ. ತಲುಪಿದರೆ ಪೂರ್ತಿ ತಲುಪುತ್ತದೆ, ಇಲ್ಲವಾದರೆ ಇಲ್ಲ. ಅರ್ಧ ಲಕೋಟೆಯನ್ನು ಯಾವ ಪೋಸ್ಟ್‌ಮ್ಯಾನೂ ಮನೆಗೆ ತಂದುಕೊಟ್ಟಿಲ್ಲ.

ಇಂಗ್ಲಿಷಿನಲ್ಲಿ ಬರೆದರೆ ನನ್ನ ಕೈ ತಾನಾಗಿ ಆಫೀಸಿನ ಕಡೆ ತಿರುಗುತ್ತದೆ. ಕೊನೆಗೆ ತಮ್ಮ ಉತ್ತರದ ನಿರೀಕ್ಷೆಯಲ್ಲಿ ಎಂಬಂಥದ್ದೇನೋ ಬಂದು ಕೂರುತ್ತದೆ. ಶಾಲೆಯಲ್ಲಿ ಕಲಿತದ್ದು ಆ ಭಾಷೆ, ನಿನ್ನ ಜೊತೆ ನಕ್ಕಿದ್ದು ಮುನಿದದ್ದು ಈ ಭಾಷೆ. ಒತ್ತಕ್ಷರ ತಪ್ಪಿದ್ದರೆ, ಎಂದಿನಂತೆ 'ಇಂಗ್ಲಿಷ್ ಮೇಡಂ' ಎಂದು ರೇಗಿಸುತ್ತ ಪೆನ್ಸಿಲ್ ಹಿಡಿದು ಕೂರಬೇಡ.

ನನ್ನ ಕೆಲಸ ಏನೆಂದು ಕೇಳಿದವರಿಗೆಲ್ಲ ನೀನು 'ಕಂಪ್ಯೂಟರ್ ಒಳಗೆ ಏನೋ ಮಾಡ್ತಾಳೆ' ಎಂದೇ ಹೇಳಿಕೊಂಡು ಬಂದೆ. ತಪ್ಪೇನಲ್ಲ. ಆದರೆ ಈ ವರ್ಷ ಮಾಡಿದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಈ ಪತ್ರ ಹುಟ್ಟಿದ್ದೇ ಅದರಿಂದ.

ಯಾವ ಪ್ರೋಗ್ರಾಮೂ ಡಿಸ್ಕಿನ ಮೇಲೆ ನೇರವಾಗಿ ಬರೆಯುವುದಿಲ್ಲ. ಬರೆಯಬೇಕಾದ್ದನ್ನು ಆಪರೇಟಿಂಗ್ ಸಿಸ್ಟಮ್ಮಿನ ಕೈಗೆ ಕೊಡುತ್ತದೆ. ಅದನ್ನು ತೆಗೆದುಕೊಂಡು, ಡಿಸ್ಕಿನಲ್ಲಿ ಜಾಗ ಹುಡುಕಿ, ಇಟ್ಟು, ಕೇಳಿದಾಗ ವಾಪಸು ಕೊಡುವ ಭಾಗ ನಮ್ಮದು. ಗೋದಾಮಿನ ಉಗ್ರಾಣಿ ಅಂದುಕೋ. ಒಂದು ಪುಟದಷ್ಟು ಮಾಹಿತಿ ಬಂದರೆ ಅದು ಒಂದೇ ಏಟಿಗೆ ಡಿಸ್ಕಿಗೆ ಇಳಿಯುತ್ತದೆ ಎಂದು ಹೊರಗಿನವರು ತಿಳಿದಿರುತ್ತಾರೆ. ಹಾಗಿಲ್ಲ, ತುಂಡು ತುಂಡಾಗಿ ಇಳಿಯುತ್ತದೆ. ನಡುವೆ ಕರೆಂಟು ಹೋದರೆ ಪುಟದ ಮೇಲಿನರ್ಧ ಹೊಸದು, ಕೆಳಗಿನರ್ಧ ಹಳೆಯದು. ಯಾರೋ ಮನೆ ಬದಲಿಸಿ ವಿಳಾಸ ತಿದ್ದಿದರು ಅನ್ನು. ಬೀದಿ ಹೊಸದು, ಮನೆಯ ನಂಬರು ಹಳೆಯದು. ಅಂಥ ಮನೆ ಊರಿನಲ್ಲೇ ಇರುವುದಿಲ್ಲ. ಹೊಸದು ಪೂರ್ತಿ ಬಂದಿದ್ದರೆ ಒಳ್ಳೆಯದಿತ್ತು, ಹಳೆಯದು ಹಾಗೇ ಉಳಿದಿದ್ದರೂ ನಡೆಯುತ್ತಿತ್ತು. ಇದು ಎರಡೂ ಅಲ್ಲ. ನಮ್ಮ ಕಸುಬಿನವರು ಇದನ್ನು ಹರಿದ ಬರಹ ಎನ್ನುತ್ತಾರೆ. ನಾನು ಒಮ್ಮೆ ಎಡಬಿಡಂಗಿ ಅಂದೆ, ಈಗ ತಂಡದಲ್ಲಿ ಅದೇ ಹೆಸರು. 'ಇವತ್ತು ಎಷ್ಟು ಎಡಬಿಡಂಗಿ ಸಿಕ್ತು?' ಎಂದೇ ಬೆಳಗಿನ ಮೀಟಿಂಗು ಶುರುವಾಗುತ್ತದೆ.

ಆ ಎಡಬಿಡಂಗಿ ಆಗದಂತೆ ಮಾಡುವುದು ನನ್ನ ಈ ವರ್ಷದ ಕೆಲಸ. ಬರೆದರೆ ಇಡೀ ಬರೆ, ಇಲ್ಲವಾದರೆ ಇದ್ದದ್ದನ್ನು ಮುಟ್ಟಬೇಡ. ಹೊಸ ಡಿಸ್ಕುಗಳು ಒಂದು ಮಿತಿಯವರೆಗೆ ಈ ಮಾತು ಕೊಡುತ್ತವೆ. ಆದರೆ ಮಾತು ಉಳಿಯಬೇಕಾದರೆ ನಾವೂ ಜಾಗವನ್ನು ಒಟ್ಟಿಗೆ, ಅಂಚಿಗೆ ಅಂಚು ಹೊಂದಿಸಿ ಕೊಡಬೇಕು. ಇಲ್ಲೊಂದು ಚೂರು ಅಲ್ಲೊಂದು ಚೂರು ಕೊಟ್ಟು, ನೀನು ಮಾತು ತಪ್ಪಿದೆ ಎಂದು ಡಿಸ್ಕನ್ನು ದೂರುವ ಹಾಗಿಲ್ಲ.

ಇದನ್ನು ಪರೀಕ್ಷೆ ಮಾಡುವವಳು ಲ್ಯಾಬಿನ ಟೆಕ್ನಿಷಿಯನ್. ನಾವು ಅವಳನ್ನು ಫ್ಯೂಸಮ್ಮ ಎನ್ನುತ್ತೇವೆ, ಅವಳಿಗೂ ಬೇಜಾರಿಲ್ಲ. ಯಂತ್ರ ಬರೆಯುತ್ತಿರುವಾಗ ಕರೆಂಟು ತೆಗೆಯುವುದು, ಮತ್ತೆ ಹಾಕಿ ಏನು ಉಳಿದಿದೆ ಎಂದು ನೋಡುವುದು, ಬೆಳಗಿನಿಂದ ಸಂಜೆಯವರೆಗೆ ಅದೇ ಅವಳ ಕೆಲಸ. 'ಸೀರಿಯಲ್ ಹೊತ್ತಲ್ಲಿ ಸ್ವಿಚ್ ಮುಟ್ಟಿದ್ರೆ ನಮ್ಮತ್ತೆ ಕೈ ಮುರೀತಾರೆ. ಇಲ್ಲಿ ನೋಡಿ, ಸಂಬಳ ಕೊಟ್ಟು ಆರಿಸು ಅಂತಾರೆ' ಎಂದು ನಗುತ್ತಾಳೆ.

ಹೋದ ತಿಂಗಳು ಒಂದು ಮೀಟಿಂಗಿನಲ್ಲಿ ಒಂದು ಪ್ರಶ್ನೆ ಬಂತು. ಡಿಸ್ಕಿನ ಮಿತಿಗಿಂತ ದೊಡ್ಡದನ್ನು ಒಂದೇ ಏಟಿಗೆ ಬರೆ ಎಂದು ಯಾವುದಾದರೂ ಪ್ರೋಗ್ರಾಂ ಕೇಳಿದರೆ ನಾವು ಏನು ಹೇಳಬೇಕು? ಆಗುವುದಿಲ್ಲ ಎನ್ನಬೇಕು ಅಂದೆ. ನಮ್ಮ ಮುಖ್ಯಸ್ಥ ನನಗಿಂತ ಚಿಕ್ಕವನು, ಬುದ್ಧಿವಂತ, ಎಲ್ಲರನ್ನೂ ಸಂತೋಷವಾಗಿಡಬೇಕು ಅನ್ನುವ ಸ್ವಭಾವ. 'ಅಷ್ಟು ಖಡಾಖಂಡಿತ ಯಾಕೆ ಮೇಡಂ? ಒಳಗೊಳಗೇ ತುಂಡು ಮಾಡಿ ಬರೆದು ಆಯ್ತು ಅಂತ ಹೇಳಿಬಿಡೋಣ. ಹಾವೂ ಸಾಯಬಾರದು, ಕೋಲೂ ಮುರೀಬಾರದು' ಅಂದ.

'ನಡುವೆ ಕರೆಂಟ್ ಹೋದ್ರೆ?'

'ಹೋದಾಗ ನೋಡೋಣ.'

ನನ್ನ ಧ್ವನಿ ಏರಿತು. ಆಫೀಸಿನಲ್ಲಿ ಎಂದೂ ಏರದ ಧ್ವನಿ ನನ್ನದು, ಅದು ನಿನಗೂ ಗೊತ್ತು. 'ನೋಡೋಣ ಅನ್ನೋದು ಉತ್ತರ ಅಲ್ಲ. ಆಗುತ್ತೆ ಅನ್ನಿ, ಇಲ್ಲ ಆಗಲ್ಲ ಅನ್ನಿ. ಕೇಳಿದವರು ನಮ್ಮ ಮಾತು ನಂಬಿಕೊಂಡು ಹಳೇದನ್ನ ಅಳಿಸಿಬಿಟ್ಟಿರ್ತಾರೆ' ಅಂದೆ. ಎಲ್ಲರೂ ತಂತಮ್ಮ ಲ್ಯಾಪ್‌ಟಾಪಿನಲ್ಲಿ ಏನೋ ಹುಡುಕತೊಡಗಿದರು. ಪಕ್ಕದಲ್ಲಿದ್ದ ಫ್ಯೂಸಮ್ಮ ಮಾತ್ರ ನನಗಷ್ಟೇ ಕೇಳುವಂತೆ, 'ಮೇಡಂ, ನೀವು ಡಿಸ್ಕಿಗೆ ಬೈತಿಲ್ಲ' ಅಂದಳು.

ಹೌದು, ಡಿಸ್ಕಿಗಲ್ಲ.

ನಿನ್ನ ನೋಡೋಣ ನನಗೆ ಮೊದಮೊದಲು ಬಹಳ ಇಷ್ಟವಾಗಿತ್ತು. ನಾನು ಬೆಳೆದ ಮನೆಯಲ್ಲಿ ಎಲ್ಲ ಪ್ರಶ್ನೆಗೂ ಅಪ್ಪನ ಉತ್ತರ ಬೇಡ ಎಂದೇ ಇತ್ತು, ಪ್ರಶ್ನೆ ಮುಗಿಯುವ ಮೊದಲೇ. ನೀನು ಹಾಗಿರಲಿಲ್ಲ. ಮದುವೆಗೆ ಮುಂಚೆ ನಾನು ಅಡುಗೆ ಕಲಿಯುವುದಿಲ್ಲ ಎಂದಾಗ ನೋಡೋಣ ಅಂದೆ, ಆಮೇಲೆ ನೀನೇ ಕಲಿತೆ. ನಿನ್ನ ನೋಡೋಣದೊಳಗೆ ಒಂದು ಬಾಗಿಲು ಸ್ವಲ್ಪ ತೆರೆದಿರುತ್ತಿತ್ತು. ಮಗಳಿಗೆ ಮಾತು ಬಂದ ಮೇಲೆ, ಆಟದ ಸಾಮಾನು ಕೇಳಿದಾಗಲೆಲ್ಲ ನೀನು 'ನೋಡೋಣಪ್ಪ' ಎನ್ನುತ್ತಿದ್ದೆಯಲ್ಲ, ಅದೇ ನಿನ್ನ ಹೆಸರು ಎಂದು ಅವಳು ತಿಳಿದಳು. ಶಾಲೆಯಲ್ಲಿ ಅಪ್ಪನ ಹೆಸರು ಕೇಳಿದ ಟೀಚರಿಗೆ 'ನೋಡೋಣಪ್ಪ' ಎಂದಿದ್ದಳು. ನಾವು ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ಈಗಲೂ ಹಾಗೇ ಕರೆಯುತ್ತಾಳೆ. ಮೊದಲಿನಷ್ಟು ನಗುವುದಿಲ್ಲ, ಅಷ್ಟೇ.

ನೀನು ಆ ಊರಿಗೆ ಹೋದದ್ದು ಒಂದು ಸೇತುವೆಯ ರಿಪೇರಿಗೆ. ಅದು ಮುಗಿದರೆ ವಾಪಸು ಎಂದಿತ್ತು. ಸೇತುವೆ ಮುಗಿದು, ಲಾರಿಗಳು ಓಡಾಡಿ, ಅದರ ಮೇಲಿನ ಹೊಸ ಬಣ್ಣವೂ ಮಾಸಿರಬೇಕು. ಈಗ ನೀನು ಮತ್ತೊಂದು ಸೇತುವೆಯ ಕೆಳಗಿದ್ದೀಯ. ಇಲ್ಲಿಗೆ ಬರುತ್ತೀಯ, ಇಲ್ಲವೆನ್ನುವುದಿಲ್ಲ. ಒಮ್ಮೆ ಬಂದವನು ಚಳಿಯ ಕೋಟು ತೆಗೆದುಕೊಂಡು ಹೋದೆ, ಛತ್ರಿ ಬಿಟ್ಟುಹೋದೆ. ಮುಂದಿನ ಸಲ ಛತ್ರಿ ಹೋಯಿತು, ಕನ್ನಡಕದ ಡಬ್ಬಿ ಉಳಿಯಿತು, ಕನ್ನಡಕವಿಲ್ಲದೆ. ಕಪಾಟಿನಲ್ಲಿ ನಿನ್ನ ಕಡೆಯ ಅರೆಗಳಲ್ಲಿ ಮೇಲಿನದು ಖಾಲಿ, ಕೆಳಗಿನದು ತುಂಬಿದೆ. ಅಲ್ಲಿ ನನ್ನ ಬಟ್ಟೆ ಇಡಲೂ ಆಗುವುದಿಲ್ಲ, ನಿನ್ನದು ಇದೆ ಎನ್ನಲೂ ಆಗುವುದಿಲ್ಲ. ಅಮ್ಮ ಫೋನು ಮಾಡಿದಾಗ 'ಅಳಿಯಂದ್ರು ಊರಲ್ಲಿದಾರಾ?' ಎನ್ನುತ್ತಾಳೆ. ಇದಾರೆ ಎನ್ನುತ್ತೇನೆ. ಯಾವುದಾದರೂ ಒಂದು ಊರಿನಲ್ಲಿ ಇದ್ದೇ ಇರುತ್ತೀಯಲ್ಲ, ಸುಳ್ಳಲ್ಲ.

ಮನೆಯ ಅಗ್ರಿಮೆಂಟು ಈ ತಿಂಗಳ ಕೊನೆಗೆ ಮುಗಿಯುತ್ತದೆ. ಓನರಮ್ಮ ಮೆಟ್ಟಿಲ ಮೇಲೆ ನನ್ನನ್ನು ಹಿಡಿದು, 'ಇರ್ತೀರೋ ಬಿಡ್ತೀರೋ ಒಂದೇ ಮಾತು ಹೇಳಿ. ಯಜಮಾನ್ರನ್ನ ಕೇಳಿ ಹೇಳ್ತೀನಿ ಅಂತೀರಿ, ಅವರನ್ನ ನೋಡಿದ್ರೆ ನೆಂಟರ ಥರ ಬಂದು ಹೋಗ್ತಾರೆ' ಅಂದರು. ಮಗಳು ಹಿಂದೆಯೇ ಇದ್ದಳು. ನೀನು ಕೊನೆಯ ಸಲ ಬಂದಾಗ ಶೂ ಕಟ್ಟಿಕೊಳ್ಳುತ್ತಿದ್ದವನನ್ನು ಅವಳು ಬಾಗಿಲಲ್ಲಿ ನಿಲ್ಲಿಸಿ ಕೇಳಿದ್ದು ಅದರಿಂದಲೇ. 'ಅಪ್ಪ, ನೀನು ನಮ್ಮನೇಲಿ ಇರೋನಾ, ಬರೋನಾ?' ನೀನು ಅವಳ ತಲೆ ಸವರಿ, 'ನೋಡೋಣಪ್ಪ' ಅಂದೆ. ಅವಳು ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ.

ನನ್ನನ್ನು ನಾನೇ ಕೇಳಿಕೊಂಡಿದ್ದೇನೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟವನು ನೀನು ಸರಿ, ಆದರೆ ಆ ದೀಪಕ್ಕೆ ಎಣ್ಣೆ ಹಾಕುತ್ತ ಬಂದವಳು ಯಾರು? ನಾನೂ ಪೂರ್ತಿ ಪ್ರಶ್ನೆ ಕೇಳಲಿಲ್ಲ. ಮುಂದಿನ ಸಲ ಯಾವಾಗ ಎಂದು ಕೇಳುತ್ತಿದ್ದೆ, ಬರುತ್ತೀಯಾ ಎಂದಲ್ಲ. ಪೂರ್ತಿ ಕೇಳಿದರೆ ಪೂರ್ತಿ ಉತ್ತರ ಬಂದೀತು ಎಂಬ ಅಂಜಿಕೆ ಇತ್ತು. ಅಲ್ಲಿ ಬೇರೆ ಯಾರಾದರೂ ಇದ್ದಾರಾ ಎಂದು ನನ್ನ ಅಕ್ಕ ಕೇಳಿದಳು. ಇಲ್ಲ ಅಂದೆ. ಗೊತ್ತಿಲ್ಲ ಎನ್ನುವುದು ನಿಜವಾದ ಉತ್ತರ. ಬಹುಶಃ ಯಾರೂ ಇಲ್ಲ, ನಿನಗೆ ಒಬ್ಬನೇ ಇರುವುದು ಹಿತವಾಗಿದೆ. ಅದೂ ಒಂದು ಉತ್ತರವೇ, ನಾನು ಕೇಳಬಲ್ಲೆ.

ಮನುಷ್ಯನ ಮೇಲೆ ಡಿಸ್ಕಿನ ನಿಯಮ ಹೇರುವುದು ನ್ಯಾಯವೇ ಎಂದೂ ಯೋಚಿಸಿದೆ. ಮನುಷ್ಯ ನಿಧಾನಕ್ಕೆ ತೀರ್ಮಾನಿಸುತ್ತಾನೆ, ಹಿಂದೆ ಮುಂದೆ ನೋಡುತ್ತಾನೆ. ಆದರೆ ನಿನ್ನದೇ ಕೆಲಸ ನೆನಪಾಯಿತು. ಒಮ್ಮೆ ಒಂದು ಕಂಬದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡು ನೀನು ಇಡೀ ರಸ್ತೆ ನಿಲ್ಲಿಸಿದ್ದೆ. ಕಂಟ್ರಾಕ್ಟರು, ಲಾರಿಯವರು, ಬಸ್ಸಿನಲ್ಲಿ ಸಿಕ್ಕಿಕೊಂಡವರು, ಎಲ್ಲರ ಬೈಗುಳ ತಿಂದು ಮನೆಗೆ ಬಂದು ಊಟಕ್ಕೆ ಕೂತು, 'ಗಾಡಿ ಬಿಡಬಹುದು ಅಥವಾ ಬಿಡಬಾರದು. ಸೇತುವೆಗೆ ಮೂರನೇ ಮಾತಿಲ್ಲ' ಅಂದಿದ್ದೆ. ಸೇತುವೆಯ ವಿಷಯದಲ್ಲಿ ನೀನು ಒಂದು ಸಲವೂ ನೋಡೋಣ ಅಂದವನಲ್ಲ. ಮೇಲೆ ಜನ ನಡೆಯುತ್ತಾರೆ ಎಂದು ನಿನಗೆ ಗೊತ್ತು. ಈ ಮನೆಯಲ್ಲೂ ಇಬ್ಬರು ನಿನ್ನ ಮಾತಿನ ಮೇಲೆ ನಡೆಯುತ್ತಿದ್ದೇವೆ.

ಆ ಮೀಟಿಂಗಿನ ಜಗಳ ಕೊನೆಗೆ ಹೀಗೆ ಮುಗಿಯಿತು. ಒಂದೇ ಏಟಿಗೆ ಎಷ್ಟು ಬರೆಯಬಲ್ಲೆವು ಎಂದು ಕೇಳಿದವರಿಗೆ ಮೊದಲೇ ಹೇಳುವುದು. ಅದಕ್ಕೂ ಮೀರಿದ್ದಕ್ಕೆ ಆಗುವುದಿಲ್ಲ ಎನ್ನುವುದು. ಡಿಸ್ಕಿಗೆ ಆ ಶಕ್ತಿಯೇ ಇಲ್ಲದ ಕಡೆ ಇನ್ನೊಂದು ದಾರಿ ಇಟ್ಟೆವು: ಹಳೆಯದನ್ನು ಮುಟ್ಟದೆ, ಹೊಸದನ್ನು ಪೂರ್ತಿಯಾಗಿ ಬೇರೊಂದು ಜಾಗದಲ್ಲಿ ಬರೆದು, ಎಲ್ಲ ಮುಗಿದ ಮೇಲೆ ವಿಳಾಸವನ್ನು ಮಾತ್ರ ಬದಲಿಸುವುದು. ಮನೆ ಬದಲಿಸುವವರು ಹೊಸ ಮನೆಯಲ್ಲಿ ಒಲೆ ಹಚ್ಚಿ ನೋಡಿ ಆಮೇಲೆ ಹಳೆಯ ಬಾಗಿಲಿನ ಬೋರ್ಡು ಬಿಚ್ಚಿದ ಹಾಗೆ. ಮುಖ್ಯಸ್ಥ ಒಪ್ಪಿದ. ನನಗೆ ಚಹಾ ತರಿಸಿ, 'ಮೇಡಂ, ನೋಡೋಣ ಅನ್ನೋದನ್ನ ನಮ್ಮ ಟೀಮಲ್ಲಿ ಬ್ಯಾನ್ ಮಾಡಿದೀನಿ' ಅಂದ.

ಆದ್ದರಿಂದ ನನ್ನ ಮಿತಿಯನ್ನೂ ಮೊದಲೇ ಹೇಳುತ್ತೇನೆ. ಮಗಳ ಕಾಲೇಜಿನ ಹತ್ತಿರ ಒಂದು ಚಿಕ್ಕ ಮನೆ ನೋಡಿದ್ದೇನೆ. ಇಬ್ಬರಿಗೆ ಸಾಕು, ಮೂವರಿಗೆ ಆಗದು. ಕಿಟಕಿಯಿಂದ ಒಂದು ಬೇಕರಿಯ ಹಿಂಬಾಗಿಲು ಕಾಣುತ್ತದೆ, ಮಗಳಿಗೆ ಅದೇ ದೊಡ್ಡ ಆಕರ್ಷಣೆ. ನೀನು ಪೂರ್ತಿ ಬರುವುದಾದರೆ ಈ ಮನೆಯ ಅಗ್ರಿಮೆಂಟಿಗೆ ಸಹಿ ಹಾಕುತ್ತೇನೆ. ಕೋಟು, ಛತ್ರಿ, ಕನ್ನಡಕ ಎಲ್ಲದರ ಜೊತೆ ಬಾ. ಬರುವುದಿಲ್ಲವಾದರೆ ನಾವಿಬ್ಬರೂ ಆ ಮನೆಗೆ ಹೋಗುತ್ತೇವೆ. ನಿನ್ನ ಕೆಳಗಿನ ಅರೆಯಲ್ಲಿರುವುದನ್ನೆಲ್ಲ ಮಡಿಸಿ, ಒಂದೇ ಪೆಟ್ಟಿಗೆಯಲ್ಲಿ ಕಳಿಸುತ್ತೇನೆ. ನೀನು ಬಂದಾಗ ಮಗಳನ್ನು ನೋಡಬಹುದು, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ತಿಂಗಳ ಕೊನೆಯವರೆಗೆ ಇಲ್ಲಿ ಯಾವುದನ್ನೂ ಮುಟ್ಟುವುದಿಲ್ಲ. ನೋಡೋಣ ಎಂಬ ಉತ್ತರ ಬಂದರೆ ಇಲ್ಲ ಎಂದೇ ಓದಿಕೊಳ್ಳುತ್ತೇನೆ. ನಮ್ಮಲ್ಲಿ ಅರ್ಧ ಬರೆದದ್ದನ್ನು ಬರೆಯದ್ದಕ್ಕೇ ಸೇರಿಸುತ್ತೇವೆ.

ಮೊನ್ನೆ ಫ್ಯೂಸಮ್ಮನ ಪರೀಕ್ಷೆಗಳು ಮುಗಿದವು. ಒಂದೂ ಎಡಬಿಡಂಗಿ ಸಿಗಲಿಲ್ಲ. ಅವಳಿಗೆ ಒಂದು ಅನುಮಾನ. 'ಕರೆಂಟ್ ತೆಗೆದಾಗ ಕೆಲವು ಸಲ ಹೊಸದು ಬಂದೇ ಇಲ್ಲ, ಹಳೇದೇ ಸಿಕ್ತು. ಅದನ್ನೂ ಪಾಸು ಅಂತ ಬರೀಲಾ?' ಬರಿ ಅಂದೆ. 'ಹಳೇದು ಇಡಿಯಾಗಿ ಇದೆಯಲ್ಲ, ಅದೂ ಪಾಸೇ.' ಇಷ್ಟು ದಿನ ನಿನ್ನ ಇಲ್ಲವನ್ನು ಸೋಲು ಎಂದುಕೊಂಡು ಹೆದರಿದ್ದೆ. ನಾನೂ ಮಗಳೂ ಇಡಿಯಾಗಿಯೇ ಇದ್ದೇವೆ.

ಬಂದರೆ ಸಂತೋಷ ಎಂದು ಪ್ರತ್ಯೇಕ ಬರೆಯಬೇಕೇ? ಬರೆಯದಿದ್ದರೆ ಈ ಪತ್ರವೂ ಅರ್ಧವಾದೀತು. ಬಂದರೆ ಸಂತೋಷ.

ಕಂಬದ ಕೆಳಗೆ ಇಳಿಯುವಾಗ ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೋ, ಸುಮ್ಮನೆ ತಲೆಯ ಮೇಲೆ ಇಟ್ಟುಕೊಂಡು ಹೋಗಬೇಡ. ನೀನು ನಿಂತ ಜಾಗ ಗಟ್ಟಿಯಾಗಿರಲಿ, ಎಲ್ಲಿ ನಿಂತರೂ.

ನಿನ್ನ,
ಇಂಗ್ಲಿಷ್ ಮೇಡಂ

ಮೇಲೆ ತಾರೀಕು ಹಾಕಿಲ್ಲ, ಗಮನಿಸಿರುತ್ತೀಯ. ಬರೆದಿಟ್ಟಿರುತ್ತೇನೆ, ಪೋಸ್ಟು ಮಾಡುವುದನ್ನು ಆಮೇಲೆ ಯೋಚಿಸಿದರಾಯಿತು ಎಂದು ಮನಸ್ಸು ಹೇಳುತ್ತಿತ್ತು. ಅದು ನನ್ನ ನೋಡೋಣ. ಅದಕ್ಕೆ ಅಂಚೆಗೆ ಹಾಕುವ ದಿನವನ್ನು ಇಲ್ಲೇ ಬರೆದು ಲಕೋಟೆ ಅಂಟಿಸುತ್ತಿದ್ದೇನೆ: ಜೂನ್ ಆರು, ಶುಕ್ರವಾರ.