ಏಳನೇ ತರಗತಿಯ ನಾಲ್ಕನೇ ಅವಧಿಯನ್ನು ಕಿತ್ತುಕೊಂಡವರಿಗೆ

ಮಾನ್ಯ ಶಾಲಾ ಅಧೀಕ್ಷಕರೇ,

ನನ್ನ ತಂಗಿಯ ಮಗಳು ರೇಲಿನ್‌ಳ ನಾಲ್ಕನೇ ಅವಧಿಯನ್ನು ತಾವು ಕಿತ್ತುಕೊಂಡಿದ್ದೀರಿ. ಅದನ್ನು ವಾಪಸು ಕೊಡಿ. ವಿಷಯ ಇಷ್ಟೇ. ಆದರೆ ಇಷ್ಟೇ ಬರೆದರೆ ತಮ್ಮ ಕಚೇರಿ ಅದನ್ನು ‘ಪರಿಶೀಲನೆಯಲ್ಲಿದೆ’ ಎಂಬ ಬುಟ್ಟಿಗೆ ಹಾಕುತ್ತದೆಂದು ಆಗಸ್ಟಿನಿಂದ ಈಚೆಗೆ ಮೂರು ಸಲ ಕಲಿತಿದ್ದೇನೆ. ಆದ್ದರಿಂದ ನಾಲ್ಕನೆಯ ಕಾಗದವನ್ನು ನಮ್ಮ ಕೌಂಟಿಯ ವಾರಪತ್ರಿಕೆಯಲ್ಲಿ, ಸತ್ತವರ ಪ್ರಕಟಣೆಗಳ ಪಕ್ಕದಲ್ಲಿ ಹಾಕಿಸುತ್ತಿದ್ದೇನೆ. ಈ ಊರಲ್ಲಿ ಎಲ್ಲರೂ ಓದುವ ಪುಟ ಅದೊಂದೇ.

ನಾನು ಯಾರೆಂದು ತಮಗೆ ಗೊತ್ತು. ಮಿಕ್ಕವರಿಗಾಗಿ ಹೇಳುತ್ತೇನೆ. ಹಳ್ಳದ ಮೇಲ್ದಂಡೆಯ ಎರಡು ಕೋಣೆಯ ಶಾಲೆಯಲ್ಲಿ ಎಂಟನೇ ತರಗತಿಯವರೆಗೆ ಓದಿದವನು. ಅಲ್ಲಿದ್ದ ಐಚ್ಛಿಕ ವಿಷಯಗಳು ಎರಡೇ: ಶಾಲೆಯ ಒಲೆಗೆ ಕಲ್ಲಿದ್ದಲು ಹೊತ್ತು ತರುವುದು, ಇಲ್ಲವೇ ತರದೆ ಏಟು ತಿನ್ನುವುದು. ಎರಡರಲ್ಲೂ ನಾನೇ ಮೊದಲಿಗ. ಈಗ ಅರವತ್ತಾರು ವರ್ಷ. ಮನೆಯ ಹಿಂದೆ ತಗಡಿನ ಶೆಡ್ಡು. ಸುತ್ತಲ ಮೂರು ಕೌಂಟಿಯಲ್ಲಿ ನನ್ನ ಕೈಗೆ ಬಂದು ಜೀವ ಬರದೆ ವಾಪಸು ಹೋದ ಮರ ಕೊಯ್ಯುವ ಮೆಷಿನ್ನಿಲ್ಲ, ಹುಲ್ಲು ಕತ್ತರಿಸುವ ಮೆಷಿನ್ನಿಲ್ಲ. ಇದು ಜಂಬವಲ್ಲ, ವರದಿ. ಜಂಬ ಮುಂದೆ ಬರುತ್ತದೆ.

ಮೊದಲು ತಮ್ಮ ವೇಳಾಪಟ್ಟಿಯ ವಿಚಾರ. ಏಳನೇ ತರಗತಿಯ ಮಗುವಿಗೆ ದಿನಕ್ಕೆ ಆರು ಅವಧಿ. ಅದರಲ್ಲಿ ನಾಲ್ಕು ಕಡ್ಡಾಯ: ಭಾಷೆ, ಗಣಿತ, ವಿಜ್ಞಾನ, ಸಮಾಜ. ನನ್ನ ತಕರಾರಿಲ್ಲ. ಐದನೆಯದು ದೈಹಿಕ ಶಿಕ್ಷಣ. ಅದನ್ನು ತಾವು ಐಚ್ಛಿಕ ಎಂದು ಕರೆದಿದ್ದೀರಿ, ಬೇಡ ಎನ್ನಲು ಮಾತ್ರ ಯಾರಿಗೂ ಬಿಟ್ಟಿಲ್ಲ. ಉಳಿದದ್ದು ಒಂದು, ದಿನದ ನಾಲ್ಕನೇ ಅವಧಿ. ಆ ಒಂದು ಅವಧಿಯ ಸಲುವಾಗಿ ಮಿರಮಿರ ಮಿಂಚುವ ಕಾಗದದಲ್ಲಿ ಹನ್ನೆರಡು ಪುಟದ ಪುಸ್ತಿಕೆ ಅಚ್ಚು ಹಾಕಿಸಿದ್ದೀರಿ. ವಾದ್ಯವೃಂದ, ಗಾಯನ, ಚಿತ್ರಕಲೆ, ಸ್ಪ್ಯಾನಿಷ್, ಅಡುಗೆ, ರೋಬಾಟು, ಸಣ್ಣ ಇಂಜಿನ್ ರಿಪೇರಿ, ಹೀಗೆ ಹದಿನಾಲ್ಕು. ಮುಖಪುಟದಲ್ಲಿ ‘ನಿನ್ನ ದಾರಿ ನೀನೇ ಆರಿಸು’ ಎಂಬ ಉಪದೇಶ. ಮೂರನೇ ಪುಟದಲ್ಲಿ ಕೈಯಲ್ಲಿ ಸ್ಪಾರ್ಕ್ ಪ್ಲಗ್ ಹಿಡಿದು, ಕೆನ್ನೆಗೆ ಗ್ರೀಸ್ ಮೆತ್ತಿಕೊಂಡು ನಗುತ್ತಿರುವ ಒಬ್ಬ ಹುಡುಗಿ. ಅವಳೇ ರೇಲಿನ್. ಆರನೇ ತರಗತಿಯಲ್ಲಿ ಮಕ್ಕಳಿಗೆ ಒಂದೊಂದು ವಿಷಯದ ರುಚಿ ಹತ್ತಿಸಲು ಕೆಲವು ವಾರ ಕೂರಿಸುತ್ತಾರಲ್ಲ, ಆಗ ತೆಗೆದ ಚಿತ್ರ. ಅವಳ ಮುಖ ತೋರಿಸಿ ಊರ ಮಕ್ಕಳನ್ನೆಲ್ಲ ಆ ತರಗತಿಗೆ ಕರೆಯುತ್ತೀರಿ, ಅವಳನ್ನು ಮಾತ್ರ ಬಾಗಿಲಾಚೆ ನಿಲ್ಲಿಸುತ್ತೀರಿ. ಇಷ್ಟು ಧೈರ್ಯ ನನಗೂ ಇಲ್ಲ.

ಇಂಜಿನ್ ರಿಪೇರಿ ಕಲಿಸುವ ಫ್ಯೂಗೇಟ್ ಮೇಷ್ಟ್ರು ಬರುವ ಮೇ ತಿಂಗಳಲ್ಲಿ ನಿವೃತ್ತರಾಗುತ್ತಾರೆ. ಅವರ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳುವುದಿಲ್ಲವೆಂದು ತಮ್ಮ ಮಂಡಳಿ ಠರಾವು ಮಾಡಿದೆ. ಅಂದರೆ ಜನವರಿಯಲ್ಲಿ ಶುರುವಾಗುವ ಅರ್ಧವರ್ಷವೇ ಆ ತರಗತಿಯ ಕೊನೆಯ ಅರ್ಧವರ್ಷ. ಹದಿನಾರು ಜಾಗ. ಆಯ್ಕೆಯ ಹಾಳೆ ಕೊಡಲು ಕೊನೆಯ ದಿನ ಬರುವ ಶುಕ್ರವಾರ. ಅದು ತಪ್ಪಿದರೆ ರೇಲಿನ್‌ಗೆ ಆ ಬಾಗಿಲು ಮುಂದಿನ ವರ್ಷವೂ ಇಲ್ಲ, ಎಂದಿಗೂ ಇಲ್ಲ.

ಅವಳಿಗೆ ಬದಲಿಗೆ ಸಿಕ್ಕಿದ್ದೇನು? ‘ಗಣಿತ ಆಸರೆ’. ಏಪ್ರಿಲಿನಲ್ಲಿ ನಡೆದ ರಾಜ್ಯದ ಪರೀಕ್ಷೆಯಲ್ಲಿ ತಾವು ಎಳೆದ ಗೆರೆಗಿಂತ ನಾಲ್ಕು ಅಂಕ ಕೆಳಗೆ ಬಿದ್ದಳಂತೆ. ಆದ್ದರಿಂದ ದಿನಕ್ಕೊಂದು ಗಣಿತ ಸಾಲದು, ಎರಡು. ಎರಡನೆಯದರಲ್ಲಿ ಮೇಷ್ಟ್ರಿಲ್ಲ. ಮಕ್ಕಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಲೆಕ್ಕ ಸರಿಯಾದರೆ ಪರದೆಯ ಮೇಲೆ ಒಂದು ಕರಡಿ ಕುಣಿದು ನಕ್ಷತ್ರ ಕೊಡುತ್ತದೆ. ರೇಲಿನ್ ಹತ್ತಿರ ಈಗ ಎರಡು ಸಾವಿರಕ್ಕೂ ಮಿಕ್ಕಿ ನಕ್ಷತ್ರಗಳಿವೆ. ಎಷ್ಟು ನಕ್ಷತ್ರವಾದರೆ ಅವಳನ್ನು ಬಿಡುತ್ತೀರಿ ಎಂದು ಶಾಲೆಯ ಸಲಹೆಗಾರ್ತಿಯನ್ನು ಕೇಳಿದೆ. ಅವರಿಗೆ ಗೊತ್ತಿರಲಿಲ್ಲ. ಕರಡಿಗೂ ಗೊತ್ತಿರಲಿಕ್ಕಿಲ್ಲ.

ಈ ಅರ್ಧವರ್ಷದಲ್ಲಿ ಹನ್ನೊಂದು ಸಲ ನಾಲ್ಕನೇ ಅವಧಿಗೆ ಸರಿಯಾಗಿ ರೇಲಿನ್‌ಗೆ ಹೊಟ್ಟೆನೋವು ಬಂದಿದೆ. ಶಾಲೆಯ ನರ್ಸು ನನ್ನ ತಂಗಿ ವಂಡಾಗೆ ಫೋನು ಮಾಡುತ್ತಾರೆ. ವಂಡಾ ವೃದ್ಧಾಶ್ರಮದಲ್ಲಿ ಯಾರಿಗೋ ಅನ್ನ ತಿನ್ನಿಸುತ್ತಿರುತ್ತಾಳೆ, ಬಿಟ್ಟು ಬರುವಂತಿಲ್ಲ. ನನಗೆ ಫೋನು ಮಾಡುತ್ತಾಳೆ. ನಾನು ಟ್ರಕ್ಕು ತೆಗೆದುಕೊಂಡು ಹೋಗಿ ಕರೆತರುತ್ತೇನೆ. ಸೇತುವೆ ದಾಟುವಷ್ಟರಲ್ಲಿ ನೋವು ಮಾಯ. ಒಂಬತ್ತನೆಯ ಸಲ ನಾನು, ಇದು ಯಾವ ಹೊಟ್ಟೆನೋವೇ, ಸೇತುವೆ ಕಂಡರೆ ಹೆದರುವಂಥದ್ದು ಎಂದು ರೇಗಿಸಿದೆ. ನಗಲಿಲ್ಲ.

“ನಾವು ಕೂರೋ ರೂಮು ಫ್ಯೂಗೇಟ್ ಮೇಷ್ಟ್ರ ರೂಮಿನ ಎದುರಿಗೇ ಇರೋದು ಮಾವ,” ಎಂದಳು. “ಅಲ್ಲಿ ಇಂಜಿನ್ ಹತ್ತಲ್ಲ, ಹುಡುಗ್ರು ಹಗ್ಗ ಎಳೀತಾನೇ ಇರ್ತಾರೆ, ಎಳೀತಾನೇ ಇರ್ತಾರೆ. ಚೋಕ್ ತೆಗೆದಿಲ್ಲ ಅಂತ ನಂಗೆ ಶಬ್ದದಲ್ಲೇ ಗೊತ್ತಾಗತ್ತೆ. ಎದ್ದು ಹೋಗಿ ಹೇಳೋಹಾಗಿಲ್ಲ. ಅದಕ್ಕೇ ಹೊಟ್ಟೆ ನೋಯತ್ತೆ.”

ಮಾನ್ಯರೇ, ಇದಕ್ಕೆ ಯಾವ ಮಾತ್ರೆ ಕೊಡಿಸಲಿ?

ಈಗ ಒಂದು ತಪ್ಪೊಪ್ಪಿಗೆ. ತಾವೇ ಪತ್ತೆ ಹಚ್ಚಿ ಪತ್ರಿಕೆಗೆ ಬರೆಯುವ ಮೊದಲು ನಾನೇ ಬರೆದುಬಿಡುತ್ತೇನೆ. ಅವಳು ನಾಲ್ಕು ಅಂಕ ಕೆಳಗೆ ಬಿದ್ದದ್ದು ನನ್ನಿಂದ. ಪರೀಕ್ಷೆ ನಡೆದದ್ದು ಹೊಳೆಯ ಮೀನು ಮೊಟ್ಟೆಯಿಡಲು ದಡಕ್ಕೆ ಬರುವ ವಾರದಲ್ಲಿ. ಬೆಳಿಗ್ಗೆ ಶಾಲೆಯ ಮುಂದೆ ಇಳಿಸುವಾಗ ಅವಳಿಗೆ ಹೇಳಿದೆ, “ಬೇಗ ಗೀಚಿ ಬಾರೇ, ಇದು ನಿನ್ನ ಪರೀಕ್ಷೆ ಅಲ್ಲ, ಅವರದು.” ಒಂದೂವರೆ ಗಂಟೆಯ ಪರೀಕ್ಷೆಯನ್ನು ಹುಡುಗಿ ಇಪ್ಪತ್ತು ನಿಮಿಷದಲ್ಲಿ ಮುಗಿಸಿ, ಕೊನೆಯ ಎರಡು ಪುಟಕ್ಕೆ ಒಂದೇ ಉತ್ತರವನ್ನು ಸಾಲಾಗಿ ಗುರುತು ಮಾಡಿ ಕೂತಳು. ಮಧ್ಯಾಹ್ನ ನಾವಿಬ್ಬರೂ ಮೂವತ್ತೊಂದು ಮೀನು ಹಿಡಿದೆವು. ಆ ದಿನ ಊರಲ್ಲಿ ಯಾರೂ ಅಷ್ಟು ಹಿಡಿಯಲಿಲ್ಲ.

ಆದರೆ ಆ ಮಾತನ್ನು ನನ್ನ ಬಾಯಿಗೆ ಹಾಕಿದವರು ಯಾರು? ತಮ್ಮ ಕಚೇರಿ ಮಾರ್ಚಿನಲ್ಲಿ ಮನೆಮನೆಗೆ ಕಳಿಸಿದ ಕಾಗದ ವಂಡಾಳ ಫ್ರಿಜ್ಜಿನ ಬಾಗಿಲಲ್ಲಿ ಇವತ್ತಿಗೂ ಇದೆ: ‘ಈ ಪರೀಕ್ಷೆ ಶಾಲೆಗಳ ಗುಣಮಟ್ಟ ಅಳೆಯಲು ಮಾತ್ರ. ಯಾವ ಮಗುವಿನ ಅಂಕಪಟ್ಟಿಗೂ ಇದರಿಂದ ಬಾಧೆ ಇಲ್ಲ. ಮಕ್ಕಳು ನಿರಾತಂಕವಾಗಿ ಬರೆಯಲಿ.’ ನಿರಾತಂಕವಾಗಿಯೇ ಬರೆದಳಲ್ಲ, ಸ್ವಾಮಿ. ಮಾರ್ಚಿನಲ್ಲಿ ಮಗುವಿಗೆ ಸಂಬಂಧವೇ ಇಲ್ಲದ ಪರೀಕ್ಷೆ ಆಗಸ್ಟಿನಲ್ಲಿ ಮಗುವಿನ ಮೇಲೆ ತೀರ್ಪು ಆದದ್ದು ಹೇಗೆ? ನಾನು ಒಬ್ಬ ಹುಡುಗಿಯ ದಾರಿ ತಪ್ಪಿಸಿದೆ. ತಾವು ಕೌಂಟಿಯ ಅಷ್ಟೂ ಮಕ್ಕಳ ದಾರಿ ತಪ್ಪಿಸಿದಿರಿ, ಅದೂ ಮೊಹರು ಒತ್ತಿ. ವ್ಯತ್ಯಾಸ ಇನ್ನೂ ಒಂದಿದೆ. ನಾನು ಅವಳ ಮುಂದೆ ತಪ್ಪಾಯಿತು ಎಂದಿದ್ದೇನೆ.

ಸಲಹೆಗಾರ್ತಿ ಒಳ್ಳೆಯ ಹೆಂಗಸು, ತಮ್ಮ ಆಜ್ಞೆಗೆ ಸಕ್ಕರೆ ಸವರಿ ಕೊಡುವುದು ಅವರ ಕೆಲಸ. ಇಂಜಿನ್ ಕೆಲಸವನ್ನು ನೀವೇ ಮನೆಯಲ್ಲಿ ಕಲಿಸಬಹುದಲ್ಲ, ನಿಮಗಿಂತ ಬಲ್ಲವರು ಯಾರಿದ್ದಾರೆ ಎಂದರು. ಹೊಗಳಿಕೆಗೆ ನಾನು ಬೇಗ ಕರಗುವವನು. ಅಂದು ಕರಗಿ ಎದ್ದೂ ಬಂದೆ. ಮನೆಗೆ ಬಂದ ಮೇಲೆ ಹೊಳೆಯಿತು. ನನ್ನ ಶೆಡ್ಡಿನಲ್ಲಿ ಅವಳು ಒಂದು ಬೋಲ್ಟನ್ನು ಎರಡು ಸಲ ತಡಕಾಡಿದರೆ ನಾನು ಸ್ಪ್ಯಾನರು ಕಿತ್ತುಕೊಂಡು ನಾನೇ ಬಿಚ್ಚಿಬಿಡುತ್ತೇನೆ. ನನ್ನ ಕೈ ಕೇಳುವುದಿಲ್ಲ. ಫ್ಯೂಗೇಟ್ ಮೇಷ್ಟ್ರು ಹಾಗಲ್ಲ. ಅವಧಿ ಶುರುವಾದಾಗ ಎರಡೂ ಕೈಯನ್ನು ಪ್ಯಾಂಟಿನ ಹಿಂದಿನ ಜೇಬಿಗೆ ಹಾಕಿದರೆ ಗಂಟೆ ಹೊಡೆಯುವ ತನಕ ತೆಗೆಯುವುದಿಲ್ಲ. ಬರೀ ಕೇಳುತ್ತಾರೆ: ಈಗ ಏನನ್ನಿಸತ್ತೆ? ಯಾಕೆ ಹಾಗನ್ನಿಸತ್ತೆ? ನನ್ನ ಹತ್ತಿರ ಅವಳು ನಲವತ್ತು ಇಂಜಿನ್ ಓಡುವುದನ್ನು ನೋಡಿದ್ದಾಳೆ. ಅವರ ಹತ್ತಿರ, ಆರನೇ ತರಗತಿಯ ಆ ಕೆಲವು ವಾರಗಳಲ್ಲಿ, ಒಂದನ್ನು ಓಡಿಸಿದ್ದಾಳೆ. ಆ ಒಂದರ ಕಥೆ ಮಾತ್ರ ಇವತ್ತಿಗೂ ಹೇಳುತ್ತಿರುತ್ತಾಳೆ. ಮೂರು ಕೌಂಟಿಯ ಮೊದಲಿಗನಾದ ನಾನು ಈ ಮಾತನ್ನು ಪತ್ರಿಕೆಯಲ್ಲಿ ಬರೆಯುವುದು ಎಷ್ಟು ಕಷ್ಟವೆಂದು ತಾವು ಊಹಿಸಿಕೊಳ್ಳಿ.

ಅವಳಿಗೆ ಬಾರದ ಗಣಿತ ಯಾವುದು? ಅನುಪಾತವಂತೆ. ಈ ಕೌಂಟಿಯ ಒಬ್ಬ ದೊಡ್ಡ ಅಧಿಕಾರಿ ಹೋದ ಚಳಿಗಾಲದ ಹಿಮದ ಬಿರುಗಾಳಿಯ ಮಾರನೆಯ ದಿನ ಮರ ಕೊಯ್ಯುವ ಮೆಷಿನ್ನು ತಂದು ನನ್ನ ಶೆಡ್ಡಿನಲ್ಲಿಟ್ಟರು. ಹೊಸದು, ಸತ್ತುಹೋಗಿತ್ತು. ರೇಲಿನ್ ಬಿಚ್ಚಿ ಪಿಸ್ಟನ್ ನೋಡಿ, ಇದಕ್ಕೆ ಎಣ್ಣೆ ಬೆರೆಸದೆ ಬರೀ ಪೆಟ್ರೋಲಲ್ಲಿ ಓಡಿಸಿದ್ದಾರೆ ಎಂದಳು. ಐವತ್ತು ಪಾಲಿಗೆ ಒಂದು ಪಾಲು ಬೆರೆಸಬೇಕೆಂದು ಮುಚ್ಚಳದ ಮೇಲೇ ಬರೆದಿರುತ್ತದೆ. ಆ ಅಧಿಕಾರಿಯ ಹೆಸರು ಹೇಳುವುದಿಲ್ಲ, ಗಿರಾಕಿಯ ಗುಟ್ಟು. ಅನುಪಾತ ಬಾರದೆಂದು ಹುಡುಗಿಯ ಕೈಯಿಂದ ಸ್ಪ್ಯಾನರು ಕಿತ್ತವರು ತಮ್ಮದೇ ಕೈಯಿಂದ ಆ ಮೆಷಿನ್ನನ್ನು ಕಿತ್ತುಕೊಂಡರೇ ಎಂದು ಮಾತ್ರ ಕೇಳುತ್ತೇನೆ.

ಈ ಕೋಪದಲ್ಲೇ ನವೆಂಬರಿನ ಮಂಡಳಿ ಸಭೆಗೆ ಬಂದೆ. ಪ್ರಜೆಗೆ ಮೂರು ನಿಮಿಷ ಮಾತಾಡಲು ಬಿಡುತ್ತೀರಲ್ಲ, ಅದಕ್ಕೆ. ಸರಪಳಿ ಬಿಚ್ಚಿದ ಮೆಷಿನ್ನೊಂದನ್ನು ಹೊತ್ತು ತಂದಿದ್ದೆ. ಬಾಗಿಲ ಪೊಲೀಸು ತಡೆದ. ಹಲ್ಲಿಲ್ಲದ್ದು ಕಣಪ್ಪಾ ಎಂದು ತೋರಿಸಿದ ಮೇಲೆ ಬಿಟ್ಟ. ರೇಲಿನ್‌ಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ತಮ್ಮೆಲ್ಲರಿಗೂ ಒಂದೇ ಪ್ರಶ್ನೆ ಹಾಕಿದೆ. ಒಂದು ಗ್ಯಾಲನ್ ಪೆಟ್ರೋಲಿಗೆ, ಐವತ್ತಕ್ಕೆ ಒಂದರಂತೆ, ಎಷ್ಟು ಔನ್ಸ್ ಎಣ್ಣೆ? ಮಂಡಳಿಯ ಐವರು ಒಬ್ಬರ ಮುಖ ಒಬ್ಬರು ನೋಡಿದರು. ತಮಗೆ ನೀರು ಕುಡಿಯಬೇಕೆನ್ನಿಸಿತು. ಗಣಿತದ ಉಸ್ತುವಾರಿಯವರು ಕ್ಯಾಲ್ಕುಲೇಟರ್ ಬಳಸಬಹುದೇ ಎಂದರು. ನನ್ನ ಬದುಕಿನ ಅತಿ ಸಿಹಿಯಾದ ಅರ್ಧ ನಿಮಿಷ ಅದು. ಹುಡುಗಿಯ ಕಡೆ ತಿರುಗಿ, ಹೇಳಮ್ಮಾ ಇವರಿಗೆ ಎಂದೆ.

ಅವಳು ನೆಲ ನೋಡಿಕೊಂಡು, “ಗೊತ್ತಿಲ್ಲ” ಎಂದಳು.

ಮೂರು ನಿಮಿಷ ಮುಗಿದ ಗಂಟೆ ಹೊಡೆಯಿತು. ಉಸ್ತುವಾರಿಯವರು ಅವಳ ಕಡೆ ಮರುಕದಿಂದ ನಕ್ಕು ಏನೋ ಬರೆದುಕೊಂಡರು. ನಾನು ಮೆಷಿನ್ನು ಹೊತ್ತು ಹೊರಬಿದ್ದೆ. ಟ್ರಕ್ಕು ಸೇತುವೆ ದಾಟಿತು. ಊರೆದುರು ನನ್ನ ಮರ್ಯಾದೆ ತೆಗೆದೆಯಲ್ಲೇ ಎಂದೆ.

“ಎರಡೂವರೆ ಔನ್ಸು, ಅದರ ಮೇಲೆ ಒಂಚೂರು,” ಎಂದಳು, ಕಿಟಕಿಯಾಚೆ ನೋಡುತ್ತಲೇ.

“ಗೊತ್ತಿತ್ತಲ್ಲ. ಅಲ್ಲಿ ಹೇಳೋಕೆ ಏನಾಗಿತ್ತು?”

“ಸರಿಯಾಗಿ ಹೇಳಿದ್ರೆ, ನೋಡಿ ನಮ್ಮ ಗಣಿತ ಆಸರೆ ಎಷ್ಟು ಚೆನ್ನಾಗಿ ಕೆಲ್ಸ ಮಾಡ್ತಿದೆ ಅಂತ ಅಲ್ಲೇ ಇಟ್ಕೋತಾರೆ. ತಪ್ಪು ಹೇಳಿದ್ರೆ, ಇವಳಿಗೆ ಇನ್ನೂ ಬೇಕು ಅಂತ ಇಟ್ಕೋತಾರೆ. ಅದಕ್ಕೆ ಯಾವ್ದೂ ಹೇಳ್ಲಿಲ್ಲ. ನೀನು ಯಾವಾಗ್ಲೂ ನಿನ್ನ ಪ್ರಶ್ನೆ ಕೇಳ್ತೀಯ ಮಾವ. ನನ್ನದು ಕೇಳಲ್ಲ.”

ಹನ್ನೆರಡು ವರ್ಷದ ಹುಡುಗಿಗೆ ಕಂಡದ್ದು ನನಗೆ ಕಂಡಿರಲಿಲ್ಲ. ಹಾಗೆಲ್ಲ ಯಾರೂ ಮಾಡುವುದಿಲ್ಲ ಕಣೇ, ಓದಿದವರು ಎಂದು ತಮ್ಮ ಪರವಾಗಿಯೇ ವಾದಿಸಿದೆ. ನನ್ನ ವಾದ ಒಂದು ವಾರವೂ ಬಾಳಲಿಲ್ಲ. ಸೋಮವಾರ ಗಣಿತದ ಉಸ್ತುವಾರಿಯವರಿಂದ ಕಾಗದ ಬಂತು: ‘ಸಭೆಯಲ್ಲಿ ಗಮನಿಸಿದಂತೆ ವಿದ್ಯಾರ್ಥಿನಿಗೆ ಅನುಪಾತದಲ್ಲಿ ನೆರವು ಅಗತ್ಯವಿದ್ದು, ಗಣಿತ ಆಸರೆ ಮುಂದುವರಿಸತಕ್ಕದ್ದು.’ ಗುರುವಾರ ಕರಡಿಯ ನಕ್ಷತ್ರಗಳನ್ನು ಎಣಿಸಿದ ಪ್ರಗತಿ ಪತ್ರ ಬಂತು: ‘ವಿದ್ಯಾರ್ಥಿನಿಯ ಪ್ರಗತಿ ಗಮನಾರ್ಹವಾಗಿದ್ದು, ಗಣಿತ ಆಸರೆ ಮುಂದುವರಿಸತಕ್ಕದ್ದು.’ ಎರಡಕ್ಕೂ ಒಂದೇ ರುಜು, ತಮ್ಮದು. ರುಜು ಹಾಕುವಾಗ ಓದುವ ಅಭ್ಯಾಸ ತಮಗಿದೆಯೇ? ಬಾರದಿದ್ದರೂ ಒಳಗೆ, ಬಂದರೂ ಒಳಗೆ ಎನ್ನುವ ಜಾಗಕ್ಕೆ ಆಸರೆ ಎಂದು ಹೆಸರಿಟ್ಟವರು ಯಾರು? ನನ್ನ ಶೆಡ್ಡಿಗೆ ಬಂದ ಮೆಷಿನ್ನೂ ಓಡಿದ ದಿನ ಮನೆಗೆ ಹೋಗುತ್ತದೆ.

ಫ್ಯೂಗೇಟ್ ಮೇಷ್ಟ್ರಿಗೆ ಸನ್ಮಾನ ಬೇಡ, ನನ್ನ ಕ್ಷಮೆ ಕೇಳುವುದೂ ಬೇಡ. ಕೇಳುತ್ತಿರುವುದು ಇಷ್ಟು. ಶುಕ್ರವಾರದೊಳಗೆ ರೇಲಿನ್‌ಳ ಹೆಸರನ್ನು ಆ ಹದಿನಾರರಲ್ಲಿ ಬರೆಯಿರಿ. ಅದು ಆಗದೆಂದರೆ, ಎಷ್ಟು ಅಂಕ ಬಂದರೆ ಅವಳು ಹೊರಗೆ ಎಂದು ಒಂದು ಸಂಖ್ಯೆ ಬರೆದು, ಅದರ ಕೆಳಗೆ ತಮ್ಮ ರುಜು ಹಾಕಿ, ಅವಳ ಕೈಗೇ ಕೊಡಿ. ಅವಳು ಅದನ್ನು ದಾಟಿದ ದಿನ ಜಾಗ ಕಾದಿರಬೇಕು.

ಉತ್ತರ ನನಗೆ ಬರೆಯಬೇಡಿ, ಅವಳಿಗೆ ಬರೆಯಿರಿ. ಜನವರಿಯ ಮೊದಲ ವಾರ ತಮ್ಮ ಇನ್ನೊಂದು ಪರೀಕ್ಷೆ ಇದೆ. ನಿನ್ನೆ ಬೀನ್ಸ್ ಸಾರಿನ ತಟ್ಟೆಯ ಮುಂದೆ ಕೂತು ಅವಳು ಕೇಳಿದಳು, “ಮಾವ, ಈ ಸಲ ಚೆನ್ನಾಗಿ ಬರೀಲಾ, ಕೆಟ್ಟದಾಗಿ ಬರೀಲಾ? ಯಾವುದಕ್ಕೆ ಬಿಡ್ತಾರೆ?” ವಂಡಾ ನನ್ನ ಮುಖ ನೋಡಿದಳು. ನಾನು ಅವಳ ತಟ್ಟೆಗೆ ಇನ್ನಷ್ಟು ಸಾರು ಬಡಿಸಿದೆ. ಹೋದ ಸಲ ನಾನು ಹೇಳಿದಂತೆ ಬರೆದು ಅವಳು ಇಲ್ಲಿಗೆ ಬಂದಿದ್ದಾಳೆ. ಈ ಸಲ ತಾವು ಹೇಳಿ.

ಇಂತಿ,
ಕೇಳದಿದ್ದಾಗಲೂ ಉತ್ತರ ಹೇಳುವ ಚಾಳಿಯಿದ್ದು, ಕೇಳಿದ ದಿನ ಸುಮ್ಮನಾದ
ಡೆಲ್ಮರ್ ಟ್ಯಾಕೆಟ್,
ರೇಲಿನ್‌ಳ ಮಾವ