ಅಕ್ಕ ಬರುತ್ತಿದ್ದ ಪಥ

ಹೇರೆನ್‌ವೇನ್, ನೆದರ್ಲೆಂಡ್ಸ್,
ಮಾರ್ಚ್ ೩, ಶುಕ್ರವಾರ ಮಧ್ಯಾಹ್ನ

ಪ್ರೀತಿಯ ಆಫ್ಕೆ ಅಕ್ಕಾ,

ಹೇಗಿದ್ದೀಯೇ? ಸೊಂಟ ನೋವು ಕಡಿಮೆಯಾಯಿತೇ? ನ್ಯೂಜಿಲೆಂಡ್‌ನಲ್ಲಿ ಮುನ್ನೂರು ಹಸುಗಳ ನಡುವೆ ನಿನಗೆ ನಮ್ಮ ನೆನಪಾಗುತ್ತದೋ ಇಲ್ಲವೋ, ನನಗಂತೂ ನೀನಿಲ್ಲದೆ ಮನೆ ಬಿಕೋ ಎನ್ನುತ್ತದೆ. ಅಮ್ಮ ಈಗಲೂ ಬಟಾಣಿ ಸಾರನ್ನು ಚಮಚ ನೆಟ್ಟಗೆ ನಿಲ್ಲುವಷ್ಟು ಗಟ್ಟಿಯಾಗಿ ನಾಲ್ವರಿಗೆಂದೇ ಮಾಡುತ್ತಾಳೆ. ನಿನ್ನ ಪಾಲೂ ನನ್ನ ಹೊಟ್ಟೆಗೇ.

ಭಾನುವಾರ ಇಲ್ಲೇ ವಿಶ್ವಕಪ್‌ನ ಐದು ಸಾವಿರ ಮೀಟರ್ ಐಸ್ ಸ್ಕೇಟಿಂಗ್. ಹನ್ನೆರಡೂವರೆ ಸುತ್ತು. ಕಾಲು ಗಟ್ಟಿಯಾಗಿದೆ, ಉಸಿರೂ ಇದೆ, ಆದರೂ ಸಮಯ ಕೈಕೊಡುತ್ತಿದೆ. ಪ್ರತಿ ಸುತ್ತಿನಲ್ಲೂ ಜೋಡಿಯ ಇಬ್ಬರು ಒಳಪಥ ಹೊರಪಥ ಅದಲುಬದಲು ಮಾಡಿಕೊಳ್ಳುವ ಜಾಗಕ್ಕೆ ಬಂದಾಗಲೆಲ್ಲ ನನ್ನ ತಲೆ ತಾನಾಗಿ ಹೊರಗಿನ ಪಥದ ಕಡೆ ತಿರುಗುತ್ತದೆ. ಒಬ್ಬಳೇ ಅಭ್ಯಾಸ ಮಾಡುವಾಗಲೂ ಅಷ್ಟೇ. ಕೋಚ್ ಸೀಟ್ಸೆ ನಿನ್ನೆ ಸುತ್ತಿನ ಫಲಕ ಬೀಸುತ್ತಾ ಕೂಗಿದರು: "ಯಾರನ್ನೇ ಹುಡುಕ್ತಿದ್ದೀಯ ರಿಕ್ಸ್ಟ್? ಅಲ್ಲಿ ಯಾರೂ ಇಲ್ಲ ಕಣಮ್ಮಾ!" ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಶೂ ದಾರ ಬಿಚ್ಚುತ್ತಾ ಅತ್ತುಬಿಟ್ಟೆ.

ಅಪ್ಪ ಟೀವಿ ಮುಂದೆ ಪೆನ್ಸಿಲ್ ಹಿಡಿದು ಪ್ರತಿ ಸುತ್ತಿನ ಸಮಯ ತಮ್ಮ ಪುಸ್ತಕದಲ್ಲಿ ಬರೆಯುವುದನ್ನು ಬಿಟ್ಟಿಲ್ಲ. ನನ್ನ ಹೆಸರಿನ ಪಕ್ಕ ನಿನಗೂ ಒಂದು ಸಾಲು ಎಳೆಯುತ್ತಾರೆ. ಯಾಕಪ್ಪಾ ಎಂದರೆ, "ಸುಮ್ನಿರೇ, ಕೈಗೆ ರೂಢಿ ಆಗ್ಬಿಟ್ಟಿದೆ" ಅನ್ನುತ್ತಾರೆ. ಮೂರು ವರ್ಷದಿಂದ ಆ ಸಾಲು ಖಾಲಿ.

ಮೂರು ವರ್ಷದ ಹಿಂದಿನ ಆ ಆಯ್ಕೆಯ ಓಟ ನಿನಗೂ ನೆನಪಿರುತ್ತದೆ. ತಂಡದಲ್ಲಿ ಇದ್ದದ್ದು ಒಂದೇ ಜಾಗ, ಚೀಟಿ ಎತ್ತಿದರೆ ಜೋಡಿಯಾಗಿ ಬಂದದ್ದು ನಾವಿಬ್ಬರೇ. ಹತ್ತನೇ ಸುತ್ತಿನಲ್ಲಿ ನೀನು ಹೊರಗಿನಿಂದ ಒಳಗೆ, ನಾನು ಒಳಗಿನಿಂದ ಹೊರಗೆ. ಹೊರಗಿನಿಂದ ಬರುವವಳಿಗೆ ದಾರಿ ಬಿಡಬೇಕೆಂದು ಹೆಪ್ಪುಗಟ್ಟಿದ ಕಾಲುವೆಯ ಮೇಲೆ ನನಗೆ ಹೇಳಿಕೊಟ್ಟವಳೇ ನೀನು. ನಾನು ಬಿಡಲಿಲ್ಲ. ಡಿಕ್ಕಿ ತಪ್ಪಿಸಲು ನೀನು ವೇಗ ಬಿಟ್ಟು ನೆಟ್ಟಗೆ ನಿಂತುಬಿಟ್ಟೆ, ಲಯ ಹೋಯಿತು, ಓಟವೂ ಹೋಯಿತು. ತೀರ್ಪುಗಾರರು ಕೇಳಿದಾಗ ನೀನು ಹೇಳಿದ್ದು, "ಏನೂ ಆಗಿಲ್ಲ ಸಾರ್, ನಾನೇ ಎಡವಿದೆ." ನಿಜ ಹೇಳಿದ್ದರೆ ನಾನು ಸ್ಪರ್ಧೆಯಿಂದಲೇ ಹೊರಗೆ, ನಿನಗೆ ಮತ್ತೆ ಓಡುವ ಅವಕಾಶ. ಮನೆಗೆ ಬಂದ ಮೇಲೆ ಅಡುಗೆಮನೆಯಲ್ಲಿ ನೀನು ಒಂದೇ ಮಾತು ಕೇಳಿದೆ: "ನನ್ನನ್ನ ನೋಡ್ಲಿಲ್ವೇನೇ?" ನಾನು, "ಇಲ್ಲ ಕಣೇ, ನೋಡ್ಲೇ ಇಲ್ಲ" ಅಂದೆ. ಬೇಸಿಗೆಗೆ ಮುಂಚೆ ನೀನು ಸ್ಕೇಟ್ಸ್ ಮೊಳೆಗೆ ತೂಗುಹಾಕಿ ನ್ಯೂಜಿಲೆಂಡ್‌ಗೆ ಹೊರಟುಹೋದೆ. ಅವು ಅಲ್ಲೇ ಇವೆ. ತುಕ್ಕು ಹಿಡಿಯದಂತೆ ನಾನೇ ಎಣ್ಣೆ ಹಚ್ಚುತ್ತೇನೆ.

ಭಾವನಿಗೆ ನನ್ನ ನಮಸ್ಕಾರ ಹೇಳು. ಅಮ್ಮ ನಿನಗೆ ಮುತ್ತು ಕಳಿಸಿದ್ದಾಳೆ. ಬೆಚ್ಚಗಿರು ಎಂದು ಬರೆಯಲು ಹೊರಟೆ, ಅಲ್ಲೀಗ ಬಿಸಿಲಲ್ಲವೇ!

ನಿನ್ನ ತಂಗಿ,
ರಿಕ್ಸ್ಟ್

ತಾ.ಕ.: ಅಂಚೆಯವನು ಬರುವ ಹೊತ್ತಾಯಿತು. ಅಕ್ಕಾ, ನಾನು ನಿನ್ನನ್ನು ನೋಡಿದ್ದೆ. ಚೆನ್ನಾಗಿಯೇ ನೋಡಿದ್ದೆ. ಈಗಷ್ಟೇ ಅಪ್ಪನಿಗೂ ಹೇಳಿದೆ. ಅವರು ಬೈಯಲಿಲ್ಲ. ಪುಸ್ತಕದಲ್ಲಿ ಆ ಆಯ್ಕೆಯ ದಿನದ ಪುಟ ತೆಗೆದು ಪೆನ್ಸಿಲನ್ನು ನನ್ನ ಕೈಗೆ ಕೊಟ್ಟರು. ನನ್ನ ಸಾಲನ್ನು ನಾನೇ ಹೊಡೆದುಹಾಕಿದೆ. ನಿನ್ನದು ಹಾಗೇ ಇದೆ.