ವಿಮೆ ಫಾರಂನಲ್ಲಿ ನಾನು ಬರೆದ ಸುಳ್ಳು

ಪುಟ್ಟೀ,

ನೀನು ಮಲಗಿದ್ದೆ, ಎಬ್ಬಿಸಲಿಲ್ಲ. ಮಾತ್ರೆ ತಿಂಡಿ ಆದಮೇಲೆ. ಮೊಣಕಾಲಿನ ಪಟ್ಟಿ ನೆನೆಸಬೇಡ.

ಕೆಲಸದ ಮೇಲೆ ಹೋಗಿ ಬಿದ್ದೆಯಲ್ಲ, ಆ ಬೈಕ್ ರಿಪೇರಿಗೆ ವಿಮೆಯವರು ಕೈಯೆತ್ತಿದ್ದಕ್ಕೆ ನಿನ್ನೆ ಅಮ್ಮ ನಿನ್ನ ಮೇಲೆ ಹರಿಹಾಯ್ದಳು. "ಫಾರಂ ತುಂಬೋವಾಗ ಕಣ್ಣು ಎಲ್ಲಿಟ್ಟಿದ್ಯೇ?" ನಾನು ತಟ್ಟೆಯಲ್ಲಿ ಮುಖ ಹುದುಗಿಸಿ ಕೂತಿದ್ದೆ. ತುಂಬಿದ್ದು ನಾನು. ನೀನು ಸಹಿ ಹಾಕಿದೆ, ಅಷ್ಟೇ.

ಏಜೆಂಟ್ ಕೇಳಿಯೂ ಕೇಳಿದ್ದ: "ತಂಗಿ ಗಾಡೀಲಿ ಏನ್ ಕೆಲ್ಸ ಮಾಡ್ತಾರೆ ಸಾರ್? ದುಡಿಮೆಗಾದ್ರೆ ಪಾಲಿಸೀನೇ ಬೇರೆ." ಮನೆಮನೆಗೆ ಪಾರ್ಸೆಲ್ ಮುಟ್ಟಿಸುತ್ತಾಳೆ ಎನ್ನಲು ನಾಲಿಗೆ ಏಳಲಿಲ್ಲ. "ಆಫೀಸಿಗೆ ಹೋಗಿಬರೋಕೆ" ಎಂದು, ಸ್ವಂತ ಬಳಕೆ ಅಂತ ಗುರುತು ಹಾಕಿಬಿಟ್ಟೆ. ದುಡಿಯುವವರಿಗೆ ಮರ್ಯಾದೆ ಕೊಡಿ ಎಂದು ಊರ ಗೋಡೆಗಳ ಮೇಲೆಲ್ಲ ಬರೆದ ಕೈ ಇದು, ಥೂ! ನಿನ್ನ ದುಡಿಮೆಗೆ ನಾನೇ ನಾಚಿಕೊಂಡೆ.

ಮುನಿಸಿನಲ್ಲಿ ನನ್ನ ಸ್ಕೂಟರ್ ಹತ್ತಿ ಹೊರಡಬೇಡ. ಅದರ ವಿಮೆಯೂ ಪಾರ್ಸೆಲ್ ಕೆಲಸಕ್ಕೆ ನಡೆಯುವುದಿಲ್ಲ. ಬೈಕ್ ರಿಪೇರಿ ಖರ್ಚು ನನ್ನದು. ಈಗ ಹೊಸ ಪಾಲಿಸಿ ಕೇಳಲು ಹೊರಟಿದ್ದೇನೆ, ನಿನ್ನ ಕೆಲಸ ಏನೆಂದು ಬಾಯ್ತುಂಬ ಹೇಳುತ್ತೇನೆ.

ಅಮ್ಮನಿಗೆ ಈಗಷ್ಟೇ ನಿಜ ಹೇಳಿದೆ. ಅಡುಗೆಮನೆಯಲ್ಲಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಾಳೆ. ನಿನ್ನ ಮುಖ ನೋಡಲು ಅವಳಿಗೂ ಆಗುತ್ತಿಲ್ಲ. ನೀನೇ ಮೊದಲು ಅವಳನ್ನು ಮಾತಾಡಿಸು. ನನ್ನನ್ನು ಬೇಕಾದರೆ ಒಂದು ವಾರ ಮಾತಾಡಿಸಬೇಡ.

ಅಣ್ಣ